ನಿಲ್ಲಿಸಬಾರದ ಮೆಷಿನ್

"ಕೈ ತೆಗೀರಿ ಧನರಾಜ್! ಆ ಸ್ವಿಚ್ ಮುಟ್ಟಿದ್ರೆ ಚೆನ್ನಾಗಿರಲ್ಲ, ಹೇಳ್ಬಿಟ್ಟಿದ್ದೀನಿ!"

ನಾನು ಕಿರುಚಿದ ರಭಸಕ್ಕೆ ಧನರಾಜ್ ಬೆಚ್ಚಿಬಿದ್ದ. ಕೈಯಲ್ಲಿದ್ದ ತಟ್ಟೆ ಅಲ್ಲಾಡಿ ಒಂದಿಷ್ಟು ಕುಂಕುಮ ಅವನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಇನ್ನೊಂದು ಕೈ ಮಾತ್ರ ಗೋಡೆಯ ಸ್ವಿಚ್ಚಿನ ಮೇಲೇ ಇತ್ತು.

"ಎಂತ ಮೇಡಂ ನೀವು! ಎದೆ ಒಡೆದುಹೋಗ್ತಿತ್ತು ಮಾರಾಯ್ರೆ."

"ನಿಮ್ಮ ಎದೆ ಗಟ್ಟಿಯಾಗೇ ಇದೆ. ಮೊದಲು ಕೈ ಇಳಿಸಿ."

ಅವನು ಇಳಿಸಲಿಲ್ಲ. ನಾನೇ ಹೋಗಿ ಅವನಿಗೂ ಸ್ವಿಚ್ಚಿಗೂ ನಡುವೆ ನಿಂತೆ. ನನ್ನ ಗಾತ್ರದಿಂದ ಅದೊಂದು ಅನುಕೂಲ, ಒಂದು ಸಲ ಅಡ್ಡ ನಿಂತರೆ ಸುತ್ತಿ ಬರೋಕೆ ಜಾಗ ಇರೋದಿಲ್ಲ. ಅದರಲ್ಲೂ ಈ ಅಟ್ಟದಲ್ಲಿ ತಲೆ ಎತ್ತಿದರೆ ತೊಲೆ ಬಡಿಯುತ್ತೆ.

ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಹೋಟೆಲ್ ಸೀತಾನದಿ. ಅದರ ಅಡುಗೆಮನೆ ಮೇಲಿನ ಅಟ್ಟದಲ್ಲಿ, ಅಕ್ಕಿ ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಒಂದು ಕಪ್ಪು ಡಬ್ಬ ಗುಂಯ್ ಅನ್ನುತ್ತಾ ಕೂತಿತ್ತು. ಹೋಟೆಲಿನ ಕ್ಯಾಮರಾಗಳು ಕಂಡದ್ದೆಲ್ಲ ಬಂದು ಸೇರುವ ಸರ್ವರ್ ಅದು. ನಮ್ಮ ಮನೆಯ ಚಿತ್ರಗಳನ್ನ ಯಾವುದೋ ಕಂಪನಿಯ ಕೈಗೆ ಯಾಕೆ ಒಪ್ಪಿಸಬೇಕು ಅಂತ ಈ ಮನೆಯ ಹುಡುಗ ಸೃಜನ್ ತಾನೇ ಸಾಫ್ಟ್‌ವೇರ್ ಇಳಿಸಿ, ತಾನೇ ಕೂತು ಹಾಕಿ, ಓಡುವ ಹಾಗೆ ಮಾಡಿದ್ದ.

ಈಗ ಆ ಸೃಜನ್ ಲಾಕಪ್ಪಿನಲ್ಲಿದ್ದಾನೆ. ಹೋಟೆಲಿನ ಯಜಮಾನ, ಅವನ ಸೋದರಮಾವ ಚೆನ್ನಯಣ್ಣ ಹಿಂದಿನ ಮೆಟ್ಟಿಲಿನಿಂದ ಉರುಳಿ ಬಿದ್ದು ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ತಳ್ಳಿದ್ದು ಸೃಜನ್ ಅಂತ ಪೊಲೀಸರು, ಅಲ್ಲ ಅಂತ ಅವನ ತಾಯಿ ಮೋಹಿನಿ. ಅಲ್ಲ ಅನ್ನೋದನ್ನ ತೋರಿಸಿಕೊಡಬೇಕಾದವಳು ಗೋರೆಗಾಂವ್‌ನ ಪತ್ತೇದಾರಿ ಅಮ್ಮಣ್ಣಿ, ಅಂದರೆ ನಾನು.

ಇವತ್ತು ಮಧ್ಯಾಹ್ನ ಅವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ಅಷ್ಟರಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲದೆ ಹೋದರೆ ಕೊಲೆಯತ್ನದ ಕೇಸು ಆ ಹುಡುಗನ ಕೊರಳಿಗೆ ಗಟ್ಟಿಯಾಗಿ ಬಿತ್ತು ಅಂತಲೇ ಲೆಕ್ಕ.

"ಮೇಡಂ, ಇವತ್ತು ಆಯುಧಪೂಜೆ," ಅಂದ ಧನರಾಜ್, ಸಣ್ಣ ಮಗುವಿಗೆ ಹೇಳುವ ಹಾಗೆ. "ಗ್ರೈಂಡರ್ ಬಂದ್, ಮಿಕ್ಸಿ ಬಂದ್, ಕೌಂಟರಿನ ಬಿಲ್ಲಿಂಗ್ ಮೆಷಿನ್ ಬಂದ್. ತೊಳೆದು ಒರೆಸಿ ಕುಂಕುಮ ಇಟ್ಟ ಮೇಲೆ ನಾಳೆ ಪೂಜೆ ಆಗುವವರೆಗೆ ಯಾರೂ ಮುಟ್ಲಿಕ್ಕಿಲ್ಲ. ಭಾವನ ಹೋಟೆಲಲ್ಲಿ ಮೊದಲಿಂದಲೂ ಹೀಗೇ."

ಧನರಾಜ್ ಚೆನ್ನಯಣ್ಣನ ತೀರಿಕೊಂಡ ಹೆಂಡತಿಯ ತಮ್ಮ. ಅಂಧೇರಿಯ ಬ್ರಾಂಚ್ ನೋಡಿಕೊಳ್ಳುವವನು. ಭಾವ ಮಲಗಿದ ಮರುದಿನವೇ ಇಲ್ಲಿಯ ಗಲ್ಲಾಕ್ಕೂ ಬಂದು ಕೂತಿದ್ದ. ನನಗೆ ಮೊದಲ ದಿನದಿಂದ ಇವನ ಮೇಲೆ ಕಣ್ಣು.

"ಹೋದ ವರ್ಷ ಇದನ್ನೂ ಬಂದ್ ಮಾಡಿದ್ರಾ?"

"ಮಾಡಿದ್ದು. ಸೃಜನೇ ಬಂದ್ ಮಾಡಿ ಹೂ ಇಟ್ಟದ್ದು."

"ಕೆಳಗೆ ದೊಡ್ಡ ಫ್ರಿಜ್ ಇದೆಯಲ್ಲ, ಅದನ್ನ ಬಂದ್ ಮಾಡಿದ್ರಾ?"

"ಫ್ರಿಜ್ ಹೇಗೆ ಬಂದ್ ಮಾಡುದು? ಹಾಲು ಒಡೆದುಹೋಗ್ತದೆ."

"ಹಾಗಾದ್ರೆ ಪಾಪ ಅದಕ್ಕೆ ಪೂಜೆ ಇಲ್ವಾ?"

"ಇದೆ ಮಾರಾಯ್ರೆ. ಓಡ್ತಿರುವಾಗಲೇ ಕುಂಕುಮ ಇಡುದು."

"ಇದೂ ಒಂದು ಫ್ರಿಜ್ ಅಂದ್ಕೊಳ್ಳಿ. ಇದರೊಳಗೂ ಕೆಡಬಾರದ್ದು ಒಂದಿದೆ."

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಧನರಾಜ್ ಮುಖದ ನಗು ಹೋಯಿತು. ಡಬ್ಬವನ್ನ ನೋಡಿದ, ನನ್ನನ್ನ ನೋಡಿದ.

"ಎಂತ ಇದೆ ಅದರಲ್ಲಿ? ಆ ದಿನದ ರೆಕಾರ್ಡಿಂಗ್ ಪೂರಾ ಡಿಲೀಟ್ ಆಗಿದೆ ಅಂತ ಪೊಲೀಸರೇ ಹೇಳಿದ್ದಾರಲ್ಲ."

"ಹೇಳಿದ್ದಾರೆ. ಕುಂಕುಮ ಇಡ್ತೀರೋ, ಇಲ್ಲ ನಾನೇ ಇಡ್ಲೋ?"

ಅವನು ಬಗ್ಗಿ ಓಡುತ್ತಿದ್ದ ಡಬ್ಬದ ಮೇಲೆ ಬೊಟ್ಟು ಇಟ್ಟ. ಅದು ಸೊಟ್ಟಗೆ ಬಿತ್ತು. ಭಯಕ್ಕೋ ಸಿಟ್ಟಿಗೋ ನನಗೆ ಗೊತ್ತಾಗಲಿಲ್ಲ.

ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನಮಿತಾ ಇಷ್ಟು ಹೊತ್ತೂ ತಲೆ ಎತ್ತಿರಲಿಲ್ಲ. ಅಂಧೇರಿಯ ಆಫೀಸೊಂದರಲ್ಲಿ ಸರ್ವರ್‌ಗಳನ್ನ ಸಾಕೋದೇ ಇವಳ ಕೆಲಸ. ನನ್ನ ಬಿಲ್ಡಿಂಗಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥ ಆಗುತ್ತೆ, ಮಾತಾಡೋಕೆ ಹೋದರೆ ಅರ್ಧ ಹಿಂದಿ.

"ಆಂಟಿ, ಒಂದು ಮಿನಿಟ್," ಅಂದಳು. "ಇಲ್ಲಿ ಬನ್ನಿ ನಾ."

ಬಗ್ಗಿದೆ. ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಡಿಲೀಟ್ ಮಾಡಿದವರು ಮ್ಯಾಕ್ ಕಂಪ್ಯೂಟರ್‌ನಿಂದ ಬಂದಿದ್ದಾರೆ. ಮ್ಯಾಕ್‌ಗೆ ಒಂದು ಗಂದೀ ಆದತ್, ಕೆಟ್ಟ ಚಾಳಿ ಇದೆ. ಬೇರೆ ಮೆಷಿನ್‌ನ ಫೋಲ್ಡರ್ ತೆರೆದರೆ ಅಲ್ಲಿ ಒಂದು ಚಿಕ್ಕ ಫೈಲ್ ಬಿಟ್ಟು ಹೋಗುತ್ತೆ, ಅಡಗಿಸಿ. ವಿಂಡೋಸ್‌ನಿಂದ ಬಂದಿದ್ದರೆ ಇದು ಇರ್ತಾ ಇರಲಿಲ್ಲ. ಚೆನ್ನಯ ಅಂಕಲ್ ಬಿದ್ದ ದಿನದ ಸಂಜೆಯದ್ದೇ ಇದು."

ನಾನು ನೆಟ್ಟಗಾಗಿ ತೊಲೆಗೆ ತಲೆ ಬಡಿಸಿಕೊಂಡೆ. ಹಾಳಾಗಿ ಹೋಗ್ಲಿ ಈ ಅಟ್ಟ.

"ಧನರಾಜ್, ನಿಮ್ಮ ಅಂಧೇರಿ ಬ್ರಾಂಚ್‌ನಲ್ಲಿ ಯಾವ ಕಂಪ್ಯೂಟರ್?"

"ವಿಂಡೋಸ್. ಸೃಜನ್ ಅಲ್ಲೂ ಇದೇ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದ. ಅಲ್ಲಿ ಕೂತೇ ಇಲ್ಲಿಯದ್ದು ನೋಡ್ಲಿಕ್ಕೆ ಆಗ್ತದೆ. ಅದನ್ನು ಪೊಲೀಸರು ತಕ್ಕೊಂಡು ಹೋಗಿದ್ದಾರೆ."

"ಮ್ಯಾಕ್ ಯಾರ ಹತ್ರ ಇದೆ?"

"ಗೋರೆಗಾಂವ್‌ನ ಭಾವನ ಮನೆಯಲ್ಲಿ ಒಂದುಂಟು. ಅದರಲ್ಲೂ ಹಾಕಿದ್ದಾನೆ. ಎಂತಕ್ಕೆ ಕೇಳ್ತೀರಿ?"

"ಆ ಮನೆಯಲ್ಲಿ ಇರೋದು ಯಾರ್ಯಾರು?"

"ನಿಮಗೆ ಗೊತ್ತಲ್ಲ. ಭಾವ, ಭಾವನ ಮಗಳು ಲಾವಣ್ಯಾ, ಮೋಹಿನಿಯಕ್ಕ, ಸೃಜನ್. ಅದರ ಮುಂದೆ ಕೂರುದು ಹೆಚ್ಚಾಗಿ ಸೃಜನೇ." ಅವನು ತಟ್ಟೆ ಎತ್ತಿಕೊಂಡ. "ನಾನು ಹೋಗ್ತೇನೆ. ಕುಂಬಳಕಾಯಿ ಒಡೀಲಿಕ್ಕೆ ಹೊತ್ತಾಯ್ತು."

ಏಣಿ ಇಳಿಯುವಾಗ ಒಂದು ಸಲ ತಿರುಗಿ ನೋಡಿದ. ಬಿಡಿಸೋಕೆ ಬಂದವಳು ನಾನು, ಹುಡುಕಿ ಹುಡುಕಿ ಎಳೆಯುತ್ತಿರೋದು ಅದೇ ಹುಡುಗನ ಕೊರಳ ಹಗ್ಗ.

ಅಳಿಸಿದ್ದು ಹೇಗೆ ಉಳಿಯಿತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ. ನಿನ್ನೆ ನಮಿತಾ ಈ ಡಬ್ಬ ತೆರೆದು ನೋಡಿದಾಗ ಆ ದಿನದ ಫೋಲ್ಡರ್ ಖಾಲಿ. ಆದರೆ ಡಿಸ್ಕ್ ಮಾತ್ರ ತುಂಬಿ ತುಳುಕುತ್ತಿತ್ತು. ಡಬ್ಬಿ ಖಾಲಿ, ತೂಕ ಇಳಿದಿಲ್ಲ ಅಂದ್ರೆ ಏನರ್ಥ? ರಾತ್ರಿಯೆಲ್ಲ ಯೋಚನೆ ಮಾಡಿ ಬೆಳಿಗ್ಗೆ ನನ್ನ ಬಾಗಿಲು ಬಡಿದಿದ್ದಳು.

"ಆಂಟಿ, ಚಾಳ್‌ನಲ್ಲಿ ರೂಮಿನ ಬೋರ್ಡ್ ಕಿತ್ತು ಹಾಕಿದ್ರೂ ಒಳಗೆ ಬಾಡಿಗೆದಾರ ಕೂತಿದ್ದಾನೆ ಅಂದ್ರೆ? ರೂಮ್ ಒಡೆಯೋಕೆ ಆಗುತ್ತಾ?"

"ಅವನು ಎದ್ದು ಹೋಗೋವರೆಗೆ ಆಗಲ್ಲ."

"ಬಸ್, ಅದೇ. ಆ ಡಬ್ಬದಲ್ಲಿ ಇರೋದು ಲಿನಕ್ಸ್. ಅಲ್ಲಿ ಡಿಲೀಟ್ ಅಂದ್ರೆ ಬೋರ್ಡ್ ಕೀಳೋದು, ಅಷ್ಟೇ. ರೆಕಾರ್ಡಿಂಗ್ ಪ್ರೋಗ್ರಾಮ್ ಇನ್ನೂ ಆ ಫೈಲ್ ಹಿಡ್ಕೊಂಡು ಕೂತಿದೆ. ಹಳೇ ವರ್ಷನ್‌ನಲ್ಲಿ ಒಂದು ದೋಷ, ಬರೆದು ಮುಗಿದ ಫೈಲನ್ನೂ ಕೈಬಿಡಲ್ಲ. ಹೊಸ ವರ್ಷನ್‌ನಲ್ಲಿ ರಿಪೇರಿ ಮಾಡಿದ್ದಾರೆ. ಸೃಜನ್ ಅಪ್‌ಡೇಟ್ ಮಾಡದೇ ಬಿಟ್ಟಿದ್ದ."

"ಪೊಲೀಸರಿಗೆ ಯಾಕೆ ಸಿಗಲಿಲ್ಲ?"

"ಅವರು ಅಂಧೇರಿಯ ವಿಂಡೋಸ್ ನೋಡಿದ್ರು. ಅಲ್ಲಿರೋದು ಕಾಪಿ. ಇಲ್ಲಿ ಅಳಿಸಿದ್ರೆ ಅಲ್ಲೂ ತಾನಾಗೇ ಅಳಿಸಿಹೋಗುತ್ತೆ. ಜನ ಅದನ್ನೇ ಬ್ಯಾಕಪ್ ಅಂದ್ಕೊಂಡು ಆರಾಮ ಇರ್ತಾರೆ, ಪಾಗಲ್ ಲೋಗ್. ಇಲ್ಲಿಯದ್ದೂ ವಿಂಡೋಸ್ ಆಗಿದ್ರೆ ಡಿಲೀಟ್ ಮಾಡೋಕೇ ಬಿಡ್ತಿರಲಿಲ್ಲ, ಫೈಲ್ ಬಳಕೆಯಲ್ಲಿದೆ ಅಂತ ಗಲಾಟೆ ಮಾಡ್ತಿತ್ತು. ಲಿನಕ್ಸ್ ಸುಮ್ಮನೆ ಹೂಂ ಅಂತು. ಅಳಿಸಿದವರು ಕೆಲಸ ಮುಗೀತು ಅಂತ ಎದ್ದು ಹೋದ್ರು."

"ಈಗ ತೆಗೆಯೋಕಾಗುತ್ತಾ?"

"ಆಗುತ್ತೆ. ಆದರೆ ಕರೆಂಟ್ ಹೋಗಬಾರದು. ಪ್ರೋಗ್ರಾಮ್ ರೀಸ್ಟಾರ್ಟ್ ಆಗಬಾರದು. ಯಾರೂ ಅಪ್‌ಡೇಟ್ ಒತ್ತಬಾರದು. ಒಂದು ಸಲ ಬಾಡಿಗೆದಾರ ಎದ್ದ ಅಂದ್ರೆ ಮುಗೀತು ಆಂಟಿ, ದೇವರು ಬಂದ್ರೂ ಸಿಗಲ್ಲ."

ಅದಕ್ಕೇ ನಾವು ಬೆಳಿಗ್ಗೆಯೇ ಓಡಿ ಬಂದಿದ್ದು. ಡಬ್ಬದಲ್ಲಿ ಜಾಗ ಇಲ್ಲ, ಆದ್ದರಿಂದ ನಮಿತಾ ತನ್ನ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಅದಕ್ಕೆ ಕಾಪಿ ಹಾಕಿದ್ದಳು. ಹಳೇ ಮೆಷಿನ್, ಆಮೆಯ ಓಟ. ಕೆಳಗಿನಿಂದ ಸಾಬೂನು ನೀರಿನ ವಾಸನೆ, ಹೂವಿನ ವಾಸನೆ, ಯಾರೋ ತಾಮ್ರದ ಹಂಡೆ ಉಜ್ಜುವ ಸದ್ದು.

"ಆಂಟಿ." ನಮಿತಾಳ ದನಿ ಬದಲಾಗಿತ್ತು. "ಯಾರೋ ಒಳಗೆ ಬಂದರು."

ನಾನು ಏಣಿಯ ಕಡೆ ನೋಡಿದೆ.

"ಅಲ್ಲಿ ಅಲ್ಲ. ಇಲ್ಲಿ. ಸರ್ವರ್ ಒಳಗೆ. ಸೃಜನ್ ಹೆಸರಿನಲ್ಲಿ ಲಾಗಿನ್ ಆಗಿದ್ದಾರೆ."

"ಅವನು ಲಾಕಪ್‌ನಲ್ಲಿದ್ದಾನಲ್ಲೇ!"

"ನನಗೆ ಗೊತ್ತಿಲ್ವಾ? ನೋಡಿ, ಅಪ್‌ಡೇಟ್ ಒತ್ತಿದ್ರು. ಹೇ ಭಗವಾನ್, ಒತ್ತೇಬಿಟ್ರು!"

ಅವಳ ಸ್ಕ್ರೀನಿನಲ್ಲಿ ಒಂದು ಹಸಿರು ಗೆರೆ ಬಲಕ್ಕೆ ಬೆಳೆಯತೊಡಗಿತು. ಹೊಸ ವರ್ಷನ್ ಇಂಟರ್ನೆಟ್‌ನಿಂದ ಇಳಿಯುತ್ತಿದೆ. ಇಳಿದು ಮುಗಿದ ಕೂಡಲೇ ಡಬ್ಬ ತಾನಾಗೇ ಹಳೇ ಪ್ರೋಗ್ರಾಮನ್ನ ಎಬ್ಬಿಸಿ ಕಳಿಸಿ ಹೊಸದನ್ನ ಕೂರಿಸುತ್ತೆ. ಅಲ್ಲಿಗೆ ಚೆನ್ನಯಣ್ಣನ ಮೆಟ್ಟಿಲೂ ಹೋಯಿತು, ಸೃಜನ್‌ನ ಬಿಡುಗಡೆಯೂ ಹೋಯಿತು.

"ನಿಲ್ಲಿಸು!"

"ನಡುವೆ ನಿಲ್ಲಿಸೋ ಬಟನ್ ಇಲ್ಲ. ಇಂಟರ್ನೆಟ್ ವೈರ್ ಕಿತ್ತರೆ ಡೌನ್‌ಲೋಡ್ ನಿಲ್ಲುತ್ತೆ. ನಮ್ಮ ಕಾಪಿಗೆ ಏನೂ ಆಗಲ್ಲ. ಕೀಳ್ಲಾ?"

"ತಡಿ. ಎಲ್ಲಿಂದ ಒತ್ತುತ್ತಿದ್ದಾರೆ ಅಂತ ಗೊತ್ತಾಗುತ್ತಾ?"

ಅವಳ ಬೆರಳು ಓಡಿತು. ಆಮೇಲೆ ನನ್ನ ಕಡೆ ತಿರುಗಿದಳು, ಮುಖದಲ್ಲಿ ರಕ್ತ ಇಲ್ಲ. "ಇಲ್ಲಿಂದಲೇ. ಇದೇ ಹೋಟೆಲ್‌ನ ವೈ-ಫೈ. ಒಂದು ಫೋನ್."

ಕೈಗೆ ಸಿಗುವಷ್ಟು ಹತ್ತಿರ ಯಾರೋ ಕೂತು, ನಮ್ಮ ಕಾಲ ಕೆಳಗೇ ಕೂತು ಇದನ್ನ ಮಾಡುತ್ತಿದ್ದಾರೆ.

ಹೋಟೆಲಿನ ವೈ-ಫೈ ಪಾಸ್‌ವರ್ಡ್ ಚೆನ್ನಯಣ್ಣ ಕೆಲಸದವರಿಗೆ ಕೊಟ್ಟಿರಲಿಲ್ಲ. ಕೊಟ್ಟರೆ ದೋಸೆ ಕಾವಲಿ ಮುಂದೆ ನಿಂತು ರೀಲ್ಸ್ ನೋಡ್ತಾರೆ ಅನ್ನೋದು ಅವರ ದೂರು. ಹಾಗಾಗಿ ಆ ವೈ-ಫೈ ಇರೋದು ಮನೆಯವರ ಫೋನುಗಳಲ್ಲಿ ಮಾತ್ರ.

ಅಟ್ಟದ ಅಂಚಿಗೆ ಒಂದು ಜಾಲರಿ ಇದೆ. ಅಲ್ಲಿಂದ ಇಡೀ ಹಾಲ್ ಕಾಣುತ್ತೆ. ಹೋಗಿ ಕಣ್ಣಿಟ್ಟೆ.

"ಆಂಟಿ, ಅರ್ಧ ದಾಟಿತು. ಕೀಳ್ಲಾ?"

"ನಾನು ಹೇಳೋವರೆಗೆ ಬೇಡ."

ಟೇಬಲುಗಳನ್ನ ಗೋಡೆಗೆ ಸರಿಸಿದ್ದರು. ಕಂಬಗಳಿಗೆ ಬಾಳೆಕಂದು. ಹುಡುಗರು ಒದ್ದೆ ಕೈಯಲ್ಲಿ ಬಕೆಟ್ ಹಿಡಿದು ಓಡಾಡುತ್ತಿದ್ದರು. ಧನರಾಜ್ ಬಾಗಿಲಲ್ಲಿ ನಿಂತು, ಎರಡೂ ಕೈಯಲ್ಲಿ ಬೂದುಗುಂಬಳಕಾಯಿ ಹಿಡಿದು ದೃಷ್ಟಿ ತೆಗೆಯುತ್ತಿದ್ದ. ಎರಡೂ ಕೈಯಲ್ಲಿ. ಫೋನ್ ಇರಲಿಲ್ಲ.

"ಆಂಟಿ, ಪ್ಲೀಸ್! ಮುಗೀತಾ ಬಂತು!"

"ಈಗ ಕೀಳು!"

ನಮಿತಾ ರೂಟರಿನ ಹಿಂದಿನ ವೈರು ಕಿತ್ತಳು. ಕೆಳಗೆ ಯಾರೂ ಕೆಲಸ ನಿಲ್ಲಿಸಲಿಲ್ಲ. ಬಕೆಟ್ ಓಡಾಡುತ್ತಲೇ ಇತ್ತು, ಹಂಡೆ ಉಜ್ಜುತ್ತಲೇ ಇದ್ದರು. ಒಬ್ಬರು ಮಾತ್ರ ಪೋಣಿಸುತ್ತಿದ್ದ ಹೂ ಬಿಟ್ಟು ಮಡಿಲಿನಲ್ಲಿದ್ದ ಫೋನನ್ನ ಎತ್ತಿ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ನಿಧಾನವಾಗಿ ತಲೆ ಎತ್ತಿ ನೇರ ಅಟ್ಟದ ಕಡೆ ನೋಡಿದರು.

ಮೋಹಿನಿ.

ಅದೇ ಹೊತ್ತಿಗೆ ಬಾಗಿಲಲ್ಲಿ ಕುಂಬಳಕಾಯಿ ಒಡೆಯಿತು. ಒಳಗೆ ತುಂಬಿದ್ದ ಕುಂಕುಮ ಹೊಸ್ತಿಲ ತುಂಬ ಕೆಂಪಗೆ ಹರಡಿತು.

"ಕಾಪಿ?"

"ಓಡ್ತಾ ಇದೆ. ಇನ್ನು ಸ್ವಲ್ಪ."

"ಯಾರನ್ನೂ ಮೇಲೆ ಬಿಡಬೇಡ," ಅಂತ ಹೇಳಿ ಏಣಿ ಇಳಿದೆ. ನನ್ನ ಮಂಡಿ ಶಾಪ ಹಾಕಿತು, ನಾನು ಮೋಹಿನಿಗೆ ಹಾಕಿದೆ.

ಮೂಲೆಯ ಚಾಪೆ ಮೇಲೆ ಅವಳು ಮತ್ತೆ ಗೊಂಡೆ ಹೂ ಪೋಣಿಸುತ್ತಾ ಕೂತಿದ್ದಳು. ಫೋನ್ ಸೆರಗಿನ ಅಡಿಯಲ್ಲಿ. ನಾನು ಎದುರು ಕುರ್ಚಿ ಎಳೆದು ಕೂತೆ.

"ಫೋನ್ ಕೊಡಿ ಮೋಹಿನಿ."

"ಎಂತಕ್ಕೆ ಅಕ್ಕ?"

"ಕೊಡಿ ಅಂದ್ನಲ್ಲ."

"ನನ್ನ ಫೋನ್‌ನಲ್ಲಿ ಎಂತ ಉಂಟು ನಿಮಗೆ?"

"ನಿಮ್ಮ ಫೋನ್ ಅಲ್ಲ ಅದು. ನಿಮ್ಮದು ನಿನ್ನೆ ನೋಡಿದ್ದೀನಿ, ಗಾಜು ಒಡೆದದ್ದು. ಇದು ಸೃಜನ್‌ದು."

ಅವಳ ಸೂಜಿ ನಿಂತಿತು. ಅಕ್ಕಪಕ್ಕ ಯಾರಾದರೂ ಕೇಳುತ್ತಿದ್ದಾರಾ ಅಂತ ನೋಡಿದಳು. "ಅವನ ಹಳೇ ಫೋನ್. ಮನೆಯಲ್ಲಿ ಇತ್ತು. ಹಾಡು ಕೇಳ್ಲಿಕ್ಕೆ ತಂದದ್ದು."

"ಹಾಡು ಕೇಳೋಕೆ ಅಪ್‌ಡೇಟ್ ಒತ್ತಬೇಕಾ?"

ಹೂವಿನ ದಾರ ಅವಳ ಬೆರಳಿಗೆ ಸುತ್ತಿಕೊಂಡು ಬೆರಳ ತುದಿ ಬಿಳುಚಿತ್ತು.

ನನಗೆ ತಡೆಯಲಾಗಲಿಲ್ಲ. "ನೋಡಿ, ನನ್ನ ಮಗ ನಿರಪರಾಧಿ ಅಂತ ನನ್ನ ಮನೆಗೆ ಬಂದು ನೆಲದ ಮೇಲೆ ಕೂತು ಅತ್ತವರು ನೀವು. ನಿಮ್ಮ ಕಣ್ಣೀರು ನೋಡಿ ನಾನು ಈ ಕೇಸು ಹಿಡಿದೆ. ಈಗ ನಾನು ಮೇಲೆ ಸಾಕ್ಷಿ ತೆಗೀತಿದ್ರೆ ನೀವು ಕೆಳಗೆ ಕೂತು ಅದಕ್ಕೇ ಬೆಂಕಿ ಇಡ್ತೀರಲ್ಲ! ನಾಚಿಕೆ ಆಗಲ್ವೇನ್ರೀ?"

"ಸಾಕ್ಷಿಯಾ?" ಅವಳು ನನ್ನ ಮುಖ ನೋಡಿದಳು. ನಟನೆ ಅನ್ನಿಸಲಿಲ್ಲ. "ಯಾವ ಸಾಕ್ಷಿ? ಅದರಲ್ಲಿ ಏನೂ ಉಳಿದಿಲ್ಲ ಅಂತ ಹೇಳಿದ್ರಲ್ಲ?"

"ಮತ್ತೆ ಯಾಕೆ ಒತ್ತಿದ್ರಿ?"

"ಅವ ಹೇಳಿದ."

"ಯಾರು?"

"ಸೃಜನ್." ಅವಳ ದನಿ ಅರ್ಧಕ್ಕೆ ಇಳಿಯಿತು. "ನಿನ್ನೆ ಸಂಜೆ ಲಾಕಪ್ಪಿಗೆ ಊಟ ಕೊಂಡುಹೋಗಿದ್ದೆ. ಅವನಿಗೆ ಸ್ವಲ್ಪ ಧೈರ್ಯ ಬರ್ಲಿ ಅಂತ ನಿಮ್ಮ ವಿಷಯ ಹೇಳಿದೆ. ಫೋಲ್ಡರ್ ಖಾಲಿ, ಆದ್ರೂ ಡಿಸ್ಕ್ ತುಂಬಿದೆ ಅಂತ ಆ ಹುಡುಗಿ ತಲೆ ಕೆಡಿಸಿಕೊಂಡಿದ್ದಾಳೆ ಅಂದೆ. ಅನ್ನ ಕಲಸ್ತಾ ಇದ್ದವ ಕೈ ಬಿಟ್ಟ. ಮುಖ ಬೆಳ್ಳಗಾಯ್ತು. ಅಮ್ಮ, ನಾಳೆ ಹೋಟೆಲಿಗೆ ಹೋಗಿ ನನ್ನ ಹಳೇ ಫೋನ್‌ನಲ್ಲಿ ಕ್ಯಾಮರಾದ್ದು ತೆರೆ, ಕೆಂಪು ಚುಕ್ಕೆ ಇರುವ ಅಪ್‌ಡೇಟ್ ಒತ್ತು, ಯಾರಿಗೂ ಹೇಳ್ಬೇಡ, ನನ್ನ ಆಣೆ ಅಂದ."

"ಯಾಕೆ ಅಂತ ಕೇಳಲಿಲ್ವಾ?"

"ಕೇಳಿದೆ. ಒತ್ತಿದ್ರೆ ನಾನು ಬದುಕ್ತೇನೆ ಅಂದ."

ನನಗೆ ತಲೆ ಗಿರ್ ಅಂತು. ಆ ಹುಡುಗ ಸರ್ವರ್ ಹಾಕಿದವನು, ಒಂದು ಮಾತಿನಲ್ಲೇ ಅವನಿಗೆ ಅರ್ಥವಾಗಿದೆ. ಫೈಲ್ ಇನ್ನೂ ಜೀವಂತ ಇದೆ ಅಂತ ಗೊತ್ತಾದ ಮೇಲೆ ಕುಣಿದಾಡಬೇಕಿತ್ತು. ತಾಯಿಯ ಕೈಯಿಂದಲೇ ಅದನ್ನ ಕೊಲ್ಲಿಸೋಕೆ ಹೊರಟಿದ್ದಾನೆ.

ಅದಕ್ಕೆ ಒಂದೇ ಅರ್ಥ ಅಂತ ಯಾರೇ ಆದರೂ ಹೇಳುತ್ತಾರೆ. ಮೋಹಿನಿಯೂ ಅದನ್ನೇ ಯೋಚಿಸುತ್ತಿದ್ದಳು. ಅವಳ ಕಣ್ಣು ತುಂಬಿ ಬಂದು ಹೂವಿನ ಮೇಲೆ ಸುರಿಯಿತು.

"ಅವ ಮಾಡಿದ್ದಲ್ಲ ಅಕ್ಕ. ಮಾವ ಬೈತಾರೆ, ಇವ ಎದುರು ಮಾತಾಡ್ತಾನೆ, ಅದೆಲ್ಲ ಉಂಟು. ಆದರೆ ಅವನನ್ನು ಎತ್ತಿ ಆಡಿಸಿದ್ದೇ ಅಣ್ಣ. ಮಗಳನ್ನು ಅವನಿಗೇ ಕೊಡುದು ಅಂತ ಅಣ್ಣನೇ ಮಾತು ಕೊಟ್ಟದ್ದು. ಲಾವಣ್ಯಾ ನಮ್ಮ ಮನೆಗೆ ಬರುವ ಹುಡುಗಿ. ಅವಳ ಅಪ್ಪನನ್ನು ಇವ ತಳ್ತಾನಾ?"

"ಲಾವಣ್ಯಾ ಈಗ ಎಲ್ಲಿ?"

"ಆಸ್ಪತ್ರೆಯಲ್ಲಿ. ಬೆಳಿಗ್ಗೆ ಅಣ್ಣನನ್ನು ಐಸಿಯು ಇಂದ ರೂಮಿಗೆ ತಂದ್ರು. ಸ್ವಲ್ಪ ಕೈ ಬೆರಳು ಆಡಿಸಿದ್ರಂತೆ. ನಾನು ಕೂತ್ಕೊಳ್ತೇನೆ, ನೀನು ಮನೆಗೆ ಹೋಗಿ ಮಲಗು ಅಂದ್ರೂ ಅವಳು ಕೇಳುದಿಲ್ಲ. ಅಪ್ಪನ ಹತ್ರದಿಂದ ಏಳುದೇ ಇಲ್ಲ."

ಅಷ್ಟರಲ್ಲಿ ಮೇಲಿನಿಂದ ನಮಿತಾ ಕೂಗಿದಳು. "ಆಂಟಿ! ಹೋ ಗಯಾ! ಬಂತು!"

ನಾನು ಎದ್ದೆ. ಮೋಹಿನಿಯೂ ಎದ್ದಳು. ಮಡಿಲಿನ ಹೂವೆಲ್ಲ ನೆಲಕ್ಕೆ ಬಿತ್ತು.

"ನೀವು ಬರೋದು ಬೇಡ," ಅಂದೆ.

"ನನ್ನ ಮಗ ಅಕ್ಕ. ಏನಿದ್ರೂ ನಾನೇ ಮೊದಲು ನೋಡ್ಬೇಕು."

ತಾಯಿಯ ಮುಂದೆ ಬಾಗಿಲು ಹಾಕುವಷ್ಟು ಕಲ್ಲಾಗಿಲ್ಲ ನಾನು. ಇಬ್ಬರೂ ಏಣಿ ಹತ್ತಿದೆವು. ನಮಿತಾ ಹಾರ್ಡ್‌ಡಿಸ್ಕನ್ನ ಎದೆಗೆ ಅವುಚಿಕೊಂಡು ಕೂತಿದ್ದಳು. ಮೋಹಿನಿಯನ್ನ ಕಂಡು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು.

"ಹಾಕು," ಅಂದೆ.

ಹಿಂದಿನ ಮೆಟ್ಟಿಲು. ಸದ್ದಿಲ್ಲದ ಚಿತ್ರ, ಸ್ವಲ್ಪ ಮಸುಕು. ಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರ್, ಮೇಲಿನ ಕಿಟಕಿಯಿಂದ ಬಿಸಿಲು. ಎಷ್ಟೋ ಹೊತ್ತು ಯಾರೂ ಇಲ್ಲ. ನಮಿತಾ ಮುಂದಕ್ಕೆ ಓಡಿಸಿದಳು. ಚೆನ್ನಯಣ್ಣ ಮೇಲಿನಿಂದ ಇಳಿದು ಬಂದರು. ಕೈಯಲ್ಲಿ ಫೋನ್. ನಡುವಿನ ತಿರುವಿನಲ್ಲಿ ನಿಂತು ಹಿಂದೆ ತಿರುಗಿ ಯಾರಿಗೋ ಏನೋ ಹೇಳಿದರು. ಬೆರಳು ತೋರಿಸಿ ಹೇಳಿದರು. ಸಿಟ್ಟು ಬಂದಿತ್ತು.

ಮೋಹಿನಿ ನನ್ನ ತೋಳು ಹಿಡಿದಳು. ಉಗುರು ನಾಟಿತು.

ಹಿಂದಿನಿಂದ ಇಳಿದು ಬಂದದ್ದು ಸೃಜನ್ ಅಲ್ಲ.

ಹಳದಿ ಕುರ್ತಾ, ಹೆಗಲಿಗೆ ಚೀಲ. ಅವಳು ಆ ಫೋನಿಗೆ ಕೈ ಹಾಕಿದಳು. ಚೆನ್ನಯಣ್ಣ ಕೈ ಎತ್ತಿ ಹಿಡಿದರು. ಮತ್ತೆ ಹಾಕಿದಳು. ಅವರು ಕೊಡಲಿಲ್ಲ, ತಲೆ ಅಲ್ಲಾಡಿಸಿ ಇಳಿಯೋಕೆ ಬೆನ್ನು ತಿರುಗಿಸಿದರು. ಆಗ ಅವಳು ಎರಡೂ ಅಂಗೈ ಅವರ ಬೆನ್ನಿಗೆ ಊರಿ ತಳ್ಳಿದಳು.

ಚೆನ್ನಯಣ್ಣ ಚಿತ್ರದಿಂದ ಹೊರಗೆ ಹೋದರು. ಅವಳು ನಿಂತಲ್ಲೇ ನಿಂತು ಕೆಳಗೆ ನೋಡುತ್ತಿದ್ದಳು. ಕೂಗಲಿಲ್ಲ, ಓಡಲಿಲ್ಲ. ಮೆಟ್ಟಿಲ ಮೇಲೆ ಬಿದ್ದಿದ್ದ ಫೋನ್ ಎತ್ತಿ ಚೀಲಕ್ಕೆ ಹಾಕಿಕೊಂಡಳು, ಬಂದ ದಾರಿಯಲ್ಲೇ ಮೇಲೆ ಹೋದಳು. ಹೋಗುವಾಗ ಬಿಸಿಲು ಮುಖದ ಮೇಲೆ ಬಿತ್ತು.

"ಲಾವಣ್ಯಾ," ಅಂದಳು ಮೋಹಿನಿ. ಉಸಿರಿನಲ್ಲೇ ಅಂದಳು. "ನಮ್ಮ ಲಾವಣ್ಯಾ."

ಆಮೇಲೆ ಕೆಳಗಿನಿಂದ ಸೃಜನ್ ಓಡಿ ಬಂದ. ಮೇಲೆ ನೋಡಿದ, ಕೆಳಗೆ ನೋಡಿದ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಅವನಿಗೆ ಆ ಕ್ಷಣವೇ ಗೊತ್ತಾಗಿದೆ, ಯಾರು ಮೇಲೆ ಹೋದದ್ದು ಅಂತ. ಗೊತ್ತಿದ್ದೂ ಇಷ್ಟು ದಿನ ಪೊಲೀಸರ ಏಟು ತಿಂದುಕೊಂಡು ಬಾಯಿ ಹೊಲಿದುಕೊಂಡಿದ್ದಾನೆ, ಮೂರ್ಖ ಮುಂಡೇದು. ಮನೆಯ ಮ್ಯಾಕ್‌ನಿಂದ ಅಳಿಸಿದ್ದೂ ಇವರಿಬ್ಬರಲ್ಲಿ ಒಬ್ಬರೇ.

"ನನ್ನ ಮಗ ಅಲ್ಲ," ಮೋಹಿನಿ ಅಳುತ್ತಾ ನಗುತ್ತಾ ನನ್ನ ತೋಳು ಅಲ್ಲಾಡಿಸಿದಳು. "ನೋಡಿದ್ರಲ್ಲ ಅಕ್ಕ? ಅವ ಅಲ್ಲ! ನೀವು ಕೋರ್ಟಿಗೆ..."

ಅವಳ ಮಾತು ಅಲ್ಲೇ ನಿಂತಿತು. ನಾನು ಯೋಚಿಸುತ್ತಿದ್ದದ್ದು ಅವಳಿಗೂ ಹೊಳೆಯಿತು. ಮುಖದ ನಗು ಹಾಗೇ ಉಳಿದು, ಕಣ್ಣು ಮಾತ್ರ ದೊಡ್ಡದಾಯಿತು.

"ಆಸ್ಪತ್ರೆ," ಅಂದೆ. "ನಮಿತಾ, ಆಸ್ಪತ್ರೆಯ ನಂಬರು ಹಚ್ಚು. ಬೇಗ!"

ನಮಿತಾ ಹಚ್ಚಿದಳು. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಮೋಹಿನಿಯ ಸೊಂಟದಲ್ಲಿದ್ದ ಗಾಜು ಒಡೆದ ಫೋನ್ ಅದುರಿತು. ಹೊರತೆಗೆದಳು. ಸ್ಕ್ರೀನಿನ ಮೇಲೆ ಲಾವಣ್ಯಾಳ ನಗುಮುಖ.

ನಾನೇ ಸ್ಪೀಕರ್ ಹಾಕಿದೆ. ಮಾತಾಡಿ ಅಂತ ಕಣ್ಣಲ್ಲೇ ಹೇಳಿದೆ.

"ಹೇಳು ಮಗಾ," ಅಂದಳು ಮೋಹಿನಿ. ಆ ದನಿಯನ್ನ ಎಲ್ಲಿಂದ ತಂದಳೋ ದೇವರೇ ಬಲ್ಲ.

"ಅತ್ತೆ, ಅಪ್ಪ ಕಣ್ಣು ಬಿಟ್ರು." ಮೆಲು ದನಿ, ತುಂಬಾ ಶಾಂತ. "ನನ್ನನ್ನೇ ನೋಡ್ತಾ ಇದ್ದಾರೆ. ಏನೋ ಹೇಳ್ಬೇಕು ಅಂತ ಬಾಯಿ ಆಡಿಸ್ತಾರೆ."

"ಡಾಕ್ಟರನ್ನು ಕರಿ ಮಗಾ. ನರ್ಸನ್ನು ಕರಿ."

"ಬೇಡ ಅತ್ತೆ. ಅವರೆಲ್ಲ ಬಂದ್ರೆ ಅಪ್ಪನಿಗೆ ಆಯಾಸ ಆಗ್ತದೆ. ನಾನು ಒಳಗಿಂದ ಬಾಗಿಲು ಹಾಕಿದ್ದೇನೆ."